ಇನ್ನೂ ಇರುವವರ ಫೋಟೋ

ನಿವೃತ್ತನಾದ ಮೇಲೆ ನಾನು ಕಳ್ಳತನಕ್ಕೆ ಇಳಿದೆ ಎಂದು ಹೇಳಿಕೊಳ್ಳಲು ಈಗ ನನಗೇನೂ ಸಂಕೋಚವಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ದುಡಿದು ಶಿರಸ್ತೇದಾರನಾಗಿ ಹೊರಬಿದ್ದ ಮರುತಿಂಗಳೇ ಒಂದು ಒಳ್ಳೆಯ ಕ್ಯಾಮೆರಾ ಕೊಂಡೆ. ಅಂದಿನಿಂದ ಚಿತ್ತಾಪುರದ ನಮ್ಮ ಮನೆಯಿಂದ ಹೊರಟು ಶಹಾಬಾದ, ವಾಡಿ, ಸೇಡಂ ಎಂದು ತಿರುಗುತ್ತಾ, ಗುರುತು ಪರಿಚಯವಿಲ್ಲದವರ ಮುಖಗಳನ್ನು ಅವರಿಗೆ ಗೊತ್ತಾಗದ ಹಾಗೆ ಎತ್ತಿಕೊಂಡು ಬಂದೆ. ನೋಟೀಸು ಜಾರಿಯಾಗದೆ ಒಂದು ಹೆಜ್ಜೆಯೂ ಮುಂದಿಡದ ಮನುಷ್ಯ ಈಗ ನೋಟೀಸೇ ಇಲ್ಲದೆ ಜನರನ್ನು ಹಿಡಿಯತೊಡಗಿದ್ದಾನೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ತಪ್ಪು ನನ್ನೊಬ್ಬನದೇ ಅಲ್ಲ. ಕಲಬುರಗಿಯ ಕೆಲವು ಹವ್ಯಾಸಿಗಳ ವಾಟ್ಸಾಪ್ ಗುಂಪಿಗೆ ಸೇರಿದ್ದೆ. ಗೊತ್ತಿಲ್ಲದಂತೆ ತೆಗೆದದ್ದೇ ನಿಜವಾದ ಫೋಟೋ, ಕೇಳಿ ತೆಗೆದರೆ ಮುಖ ಸತ್ತುಹೋಗುತ್ತದೆ ಎಂಬುದು ಅಲ್ಲಿನ ಧರ್ಮಶಾಸ್ತ್ರ. ನಮ್ಮ ಕಡೆಯ ಜನರ ಶಾಸ್ತ್ರ ಇದಕ್ಕೆ ಪೂರ್ತಿ ತಿರುಗಾಮುರುಗಾ. ಕ್ಯಾಮೆರಾ ಎತ್ತಿದ ಕೂಡಲೇ ಗಂಡಸರು ರಾಷ್ಟ್ರಗೀತೆ ಶುರುವಾದಂತೆ ನೆಟ್ಟಗೆ ನಿಲ್ಲುತ್ತಾರೆ, ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ. ಸಹಜವಾಗಿ ಇರುವುದು ಎಮ್ಮೆ ಒಂದೇ. ವಾಡಿ ಸ್ಟೇಷನ್ನಿನಲ್ಲಿ ಪೇರಲಹಣ್ಣು ಮಾರುವ ಹೆಂಗಸೊಬ್ಬಳು ನನ್ನನ್ನು ಹಿಡಿದು ಕೇಳಿದಾಗ, ಸಹಜ ಭಾವದ ಬಗ್ಗೆ ಗುಂಪಿನಲ್ಲಿ ಕಲಿತದ್ದನ್ನೆಲ್ಲ ವಿವರಿಸಿದೆ. ಆಕೆ ತಕ್ಕಡಿ ಕೆಳಗಿಡದೆ, “ಗೊತ್ತಿಲ್ದಂಗ ತಗೀಲಿಕ್ಕ ಸ್ಟೇಷನ್ದಾಗ ಸಿಸಿಟಿವಿ ಅದರಿ. ನಿಮಗ್ಯಾಕ ತ್ರಾಸು?” ಎಂದಳು. ಒಂದು ಕಿಲೋ ಪೇರಲಹಣ್ಣು ಕೊಂಡು ಅಲ್ಲಿಂದ ಕಾಲ್ತೆಗೆದೆ.

ಚಂದ್ರಂಪಳ್ಳಿ ಡ್ಯಾಮಿನ ಕಥೆ ಇನ್ನೂ ಚೆನ್ನಾಗಿದೆ. ನಾನು ತೆಗೆದದ್ದು ನೀರನ್ನು, ದೇವರಾಣೆ. ಆದರೆ ಫೋಟೋದ ಮೂಲೆಯಲ್ಲಿ ಒಂದು ಜೋಡಿ ಕೂತಿತ್ತು. ಹುಡುಗ ತೋಳೇರಿಸಿಕೊಂಡು ಬಂದ. ನಾನು ಮರ್ಯಾದಸ್ಥ ಎಂದು ತೋರಿಸಲು ಜೇಬಿನಿಂದ ಕೋರ್ಟಿನ ಹಳೆಯ ಗುರುತಿನ ಚೀಟಿ ತೆಗೆದೆ. ಅದನ್ನು ನೋಡಿದ್ದೇ ಇಬ್ಬರ ಮುಖವೂ ಬಿಳಿಚಿಕೊಂಡಿತು. ಮನೆಯವರು ಕೇಸು ಹಾಕಿ ಸಾಕ್ಷಿ ಸಂಗ್ರಹಕ್ಕೆ ಕಳಿಸಿದ್ದಾರೆ ಎಂದುಕೊಂಡು ಹುಡುಗಿ ಅಳತೊಡಗಿದಳು. ಫೋಟೋ ಅಳಿಸಿ ತೋರಿಸಿ, ಅವರಿಬ್ಬರಿಗೂ ಚಹಾ ಕುಡಿಸಿ, ನನ್ನ ಆಶೀರ್ವಾದವನ್ನೂ ಕೊಟ್ಟು ಕಳಿಸಬೇಕಾಯಿತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಬುದ್ಧಿ ಬಂದದ್ದು ಸೇಡಂ ತಾಲೂಕಿನ ಕುರಕುಂಟಾದಲ್ಲಿ.

ಅಲ್ಲಿ ಹೋಟೆಲಿನ ಎದುರಿನ ಕಟ್ಟೆಯ ಮೇಲೆ ಎಪ್ಪತ್ತೈದು ದಾಟಿದ ಮುತ್ಯಾ ಒಬ್ಬರು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದರು. ಯಾರೋ ಏನೋ ಅಂದದ್ದಕ್ಕೆ ಅವರು ತಲೆಯೆತ್ತಿ ನಕ್ಕರು. ಹಲ್ಲಿಲ್ಲದ ಬಾಯಿ, ಅರ್ಧ ಮುಚ್ಚಿದ ಕಣ್ಣು, ಮುಖದ ಮೇಲೆಲ್ಲ ಬಿಸಿಲು. ರಸ್ತೆಯ ಈಚೆಯಿಂದಲೇ ನಾನು ಕೆಲಸ ಮುಗಿಸಿದೆ. ಮನೆಗೆ ಬಂದು ನೋಡಿದರೆ ಹಿಂದೆ ಗುಟ್ಕಾ ಜಾಹೀರಾತಿನ ಕೆಂಪು ಕಣ್ಣು ಕುಕ್ಕುತ್ತಿತ್ತು. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆ. ಕೈ, ಕಾಲು, ಹಗ್ಗ ಎಲ್ಲ ಕತ್ತರಿಸಿ ಎದೆಯಿಂದ ಮೇಲೆ ಇಟ್ಟುಕೊಂಡೆ. ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆ. ಹೊಗಳಿಕೆ ಹೆಚ್ಚಾದಷ್ಟೂ ಕೇಳದೆ ತೆಗೆದದ್ದು ಮನಸ್ಸಿಗೆ ಚುಚ್ಚತೊಡಗಿತು. ಪ್ರಾಯಶ್ಚಿತ್ತಕ್ಕೆಂದು ದೊಡ್ಡದಾಗಿ ಪ್ರಿಂಟು ಹಾಕಿಸಿ, ಗಾಜಿನ ಫ್ರೇಮು ಕಟ್ಟಿಸಿ, ಅವರಿಗೆ ಕಳಿಸುವುದೆಂದು ತೀರ್ಮಾನಿಸಿದೆ.

ಫ್ರೇಮು ಕಟ್ಟುವ ಸಾಹೇಬರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಭಾಳ ಛಲೋ ಮನುಷ್ಯ ಅನ್ನಿಸ್ತದ ಎಂದರು. ಹೌದೌದು ಎಂದೆ. ಹಾರ ಹಾಕಲು ಮೇಲೆ ಎರಡು ಮೊಳೆ ಹೊಡೆಯಲೇ ಎಂದು ಮೆಲ್ಲಗೆ ಕೇಳಿದರು. ಗೌರವಕ್ಕೆ ಯಾರಾದರೂ ಹಾರ ಹಾಕಿದರೆ ಹಾಕಲಿ, ಹೊಡೆಯಿರಿ ಎಂದೆ. ಕೆಳಗೆ ತಾರೀಖು ಬರೆಯಬೇಕೇ ಎಂದಾಗ, ತೆಗೆದ ತಾರೀಖು ಯಾಕೆ, ಬೇಡ ಎಂದೆ. ಮೂವತ್ತು ವರ್ಷ ವಕೀಲರ ಸವಾಲು ಜವಾಬು ಬರೆದುಕೊಂಡವನಿಗೆ ಈ ಮೂರು ಸವಾಲುಗಳ ಒಳಗುಟ್ಟು ತಿಳಿಯಲಿಲ್ಲ.

ಮುತ್ಯಾನ ಹೆಸರು ನಾಗಪ್ಪ ಎಂದು ಹೋಟೆಲಿನವರಿಂದ ಕೇಳಿ ತಿಳಿದುಕೊಂಡಿದ್ದೆ. ಪಾರ್ಸೆಲಿನ ಮೇಲೆ ಅವರ ಹೆಸರು ಬರೆದು, ಕೆಳಗೆ ನನ್ನ ಹೆಸರು, ಫೋನ್ ನಂಬರು ಬರೆದು, ‘ಕೋರ್ಟ್ ಶಿರಸ್ತೇದಾರ’ ಎಂದೂ ಸೇರಿಸಿದೆ. ‘ನಿವೃತ್ತ’ ಎಂಬ ಪದವನ್ನು ನಾನು ಯಾವಾಗಲೂ ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆಯುತ್ತೇನೆ. ಆ ಊರಿನ ಮೇಲೆ ಹಾದುಹೋಗುವ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು, ಪುಣ್ಯದ ಕೆಲಸ ಮುಗಿಸಿದ ಸಮಾಧಾನದಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಮಲಗಿದೆ.

ಆಮೇಲೆ ಏನಾಯಿತು ಎಂಬುದನ್ನು ನಾನು ಹತ್ತು ಬಾಯಿಗಳಿಂದ ಕೇಳಿದ್ದೇನೆ, ಹತ್ತರಲ್ಲೂ ತಪ್ಪಿತಸ್ಥ ನಾನೇ.

ಪಾರ್ಸೆಲು ಬಂದಾಗ ನಾಗಪ್ಪನವರು ಸೇಡಂ ಸಂತೆಗೆ ಹೋಗಿದ್ದರು. ಮನೆಯಲ್ಲಿದ್ದವರು ಅವರ ಹೆಂಡತಿ ಚಂದಮ್ಮ ಒಬ್ಬರೇ. ಬಿಚ್ಚಿ ನೋಡಿದರೆ ಕಪ್ಪು ಬಿಳುಪಿನಲ್ಲಿ ಗಂಡ, ಎದೆಯ ತನಕ, ಗಾಜಿನ ಹಿಂದೆ, ಹಾರದ ಮೊಳೆಗಳ ಸಮೇತ. ಅಂಥ ಫೋಟೋ ಯಾವಾಗ ಮನೆಗೆ ಬರುತ್ತದೆ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಪಕ್ಕದ ಮನೆಯಾಕೆ ಹೊದಿಕೆಯ ಮೇಲಿನದನ್ನು ಓದಿ ‘ಕೋರ್ಟ್’ ಎಂದದ್ದೇ ತಡ, ಸಂತೆಯ ದಾರಿಯಲ್ಲಿ ಅಪಘಾತವಾಗಿ ಸರಕಾರದಿಂದಲೇ ಸುದ್ದಿ ಬಂದಿದೆ ಎಂದು ತೀರ್ಮಾನವಾಯಿತು. ಚಂದಮ್ಮ ಎದೆ ಬಡಿದುಕೊಂಡು ಅತ್ತರು. ಓಣಿಯವರು ಕೂಡಿದರು. ಹೆಣ ಇನ್ನೂ ಬಂದಿಲ್ಲವಲ್ಲ ಎಂದು ಒಬ್ಬಿಬ್ಬರು ಸಂಶಯ ಎತ್ತಿದರೂ ಅಳುವಿನ ನಡುವೆ ಅವರ ಮಾತು ಯಾರಿಗೂ ಕೇಳಿಸಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ನಾಗಪ್ಪ ಬದನೆಕಾಯಿಯ ಚೀಲ ಹಿಡಿದು ಇಳಿದರು. ಓಣಿಯ ತಿರುವಿನಲ್ಲಿ ನೋಡಿದರೆ ತಮ್ಮ ಮನೆಯ ಮುಂದೆ ಜನ, ಒಳಗಿನಿಂದ ಅಳುವ ಸದ್ದು. ಮನೆಯಲ್ಲಿ ಇದ್ದದ್ದು ಒಂದೇ ಜೀವ. ಚೀಲ ಅಲ್ಲೇ ಬಿಟ್ಟು, ಐವತ್ತು ವರ್ಷಗಳಲ್ಲಿ ಒಮ್ಮೆಯೂ ಕರೆಯದ ಹೆಂಡತಿಯ ಹೆಸರನ್ನು ಕೂಗುತ್ತಾ ಓಡಿದರಂತೆ. ಒಳಗೆ ಚಂದಮ್ಮ, ಹೊರಗೆ ನಾಗಪ್ಪ, ಇಬ್ಬರೂ ಇನ್ನೊಬ್ಬರನ್ನು ಕಳೆದುಕೊಂಡವರು. ಹೊಸ್ತಿಲಲ್ಲಿ ಇಬ್ಬರೂ ಎದುರಾದರು. ಇದನ್ನು ಹೇಳಿದವರು ನಗುತ್ತಲೇ ಹೇಳಿದರು. ನನಗೆ ಮಾತ್ರ ಈಗಲೂ ಆ ಜಾಗಕ್ಕೆ ಬಂದಾಗ ನಗು ನಿಂತುಬಿಡುತ್ತದೆ.

ಮರುದಿನ ಬೆಳಿಗ್ಗೆ ನನಗೆ ಫೋನು ಬಂತು.

“ಸಾಹೇಬ್ರ, ನಾ ಕುರಕುಂಟಾದ ನಾಗಪ್ಪರಿ. ನಾ ಇನ್ನಾ ಇದ್ದೀನ್ರಿ.”

ಇಷ್ಟು ವೇದಾಂತದಿಂದ ಫೋನಿನ ಮಾತು ಶುರುಮಾಡುವವರು ಅಪರೂಪ ಎಂದುಕೊಂಡೆ. ಪೂರ್ತಿ ಕೇಳಿದ ಮೇಲೆ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಫೋಟೋವನ್ನು ಗೋಣಿಯಲ್ಲಿ ಸುತ್ತಿ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಅದರ ಗತಿ ಕಾಣಿಸುವ ತನಕ ಚಂದಮ್ಮ ಗಂಡನನ್ನು ಊರ ಅಗಸಿಬಾಗಿಲು ದಾಟಲು ಬಿಡುವುದಿಲ್ಲವಂತೆ. ಏನು ಮಾಡಬೇಕೆಂದು ನೀವೇ ಬಂದು ಹೇಳಿ ಎಂದರು.

ಭಾನುವಾರ ಹೋದೆ. ಚಂದಮ್ಮ ನೀರು ಕೊಟ್ಟರು, ಕುಂದ್ರಿ ಎಂದರು, ಆಮೇಲೆ ಕೇಳಿದರು: “ನೋಟೀಸ್ ಕಳಿಸಿದವರು ನೀವಾ ಏನ್ರಿ? ನೋಟೀಸ್ ಬಂದ ಮ್ಯಾಲ ಹೋಗಾದು ತಪ್ಪತದೇನ್ರಿ?” ಕಾನೂನಿನ ಪ್ರಕಾರ ತಪ್ಪುವುದಿಲ್ಲ. ಹಾಗಂತ ಹೇಳುವ ಧೈರ್ಯವಾಗಲಿಲ್ಲ. ಅದನ್ನು ಸುಟ್ಟುಬಿಡೋಣ ಎಂದೆ. ಬದುಕಿರುವವರ ಮುಖಕ್ಕೆ ಬೆಂಕಿ ಇಡುತ್ತೀರಾ ಎಂದರು. ಹಳ್ಳಕ್ಕೆ ಬಿಡೋಣ ಎಂದರೆ, ಹಳ್ಳಕ್ಕೆ ಬಿಡುವುದು ಬೂದಿಯನ್ನು ಎಂದರು. ಕಡೆಗೆ ನಾನೇ ವಾಪಸು ಒಯ್ಯುತ್ತೇನೆ ಎಂದೆ. ಚಂದಮ್ಮ, ಹೊರಗಿನ ಜನ ಬಂದು ಅವರನ್ನು ಮನೆಯಿಂದ ಹೊತ್ತುಕೊಂಡು ಹೋದ ಹಾಗೆಯೇ ಆಯಿತಲ್ಲ ಎಂದರು. ಎಷ್ಟೋ ಖಟ್ಲೆಗಳ ಕಡತ ಕಟ್ಟಿದ ನನ್ನ ತಲೆಯಲ್ಲಿ ಇಂಥದ್ದಕ್ಕೆ ಒಂದೂ ತೀರ್ಪು ಸಿಗಲಿಲ್ಲ. ಇಟ್ಟುಕೊಳ್ಳುವಂತಿಲ್ಲ, ಕಳೆಯುವಂತಿಲ್ಲ, ಕೊಡುವಂತಿಲ್ಲ.

ಮೊದಲು ಇಬ್ಬರದೂ ಒಂದು ಬಣ್ಣದ ಫೋಟೋ ತೆಗೆಯುತ್ತೇನೆ ಎಂದೆ. ಅದಕ್ಕೆ ಅಡ್ಡಿ ಬರಲಿಲ್ಲ. ನಾಗಪ್ಪ ಮಡಿ ಧೋತರ ಉಟ್ಟು ರುಮಾಲು ಸುತ್ತಿಕೊಂಡರು. ಚಂದಮ್ಮ ಹಸಿರು ಇಳಕಲ್ ಸೀರೆ ಉಟ್ಟು ಬಂದರು. ಎಲ್ಲಿ ನಿಲ್ಲಬೇಕು, ಕೊಟ್ಟಿಗೆಯ ಎಮ್ಮೆ ಯಾವ ಕಡೆ ಬರಬೇಕು ಎಂಬುದೆಲ್ಲ ಅವರದೇ ಹುಕುಂ. ನಾಗಪ್ಪ ಒಂದೇ ಷರತ್ತು ಹಾಕಿದರು: “ಕಾಲು ಬರಬೇಕ್ರಿ. ಹಗ್ಗ ಹಿಡಿದದ್ದು ಕಾಲು. ನೀವು ಅದನ್ನಾ ಬಿಟ್ಟೀರಿ.”

ಈ ಮಾತಿನಲ್ಲಿ ನಮ್ಮ ಸೀಮೆಯ ಇಡೀ ಚಿತ್ರಶಾಸ್ತ್ರ ಇದೆ ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ. ಹಳೆಯ ಗುಡಿಗಳ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಸತ್ತವನ ನೆನಪಿಗೇ ಕಡೆದ ಕಲ್ಲು, ಆದರೆ ಅದರಲ್ಲೂ ಶಿಲ್ಪಿ ವೀರನನ್ನು ಅಡಿಯಿಂದ ಮುಡಿಯವರೆಗೆ ಕಡೆದಿದ್ದಾನೆ, ಕಾಲು ನೆಲಕ್ಕೆ ಊರಿದೆ. ಮನುಷ್ಯ ಎಲ್ಲಿ ನಿಂತಿದ್ದ, ಏನು ಮಾಡುತ್ತಿದ್ದ ಎಂಬುದು ಕಾಣಬೇಕು. ಬರೀ ಮುಖವನ್ನು ಕತ್ತರಿಸಿ ತೆಗೆದು, ಇದೇ ನಿಜವಾದ ನೀನು ಎಂದು ಹೇಳುವ ಸೊಕ್ಕು ಆ ಶಿಲ್ಪಿಗೆ ಇರಲಿಲ್ಲ. ಅಂತೂ ಎಮ್ಮೆ, ಚಪ್ಪಲಿ, ಇಬ್ಬರ ನಾಲ್ಕು ಕಾಲು ಸಮೇತ ಫೋಟೋ ತೆಗೆದೆ. ಇಬ್ಬರೂ ಕಂಬದ ಹಾಗೆ ನಿಂತಿದ್ದರು, ಒಬ್ಬರ ಮುಖದಲ್ಲೂ ನಗುವಿಲ್ಲ. ಚಂದಮ್ಮ ಕ್ಯಾಮೆರಾದ ಹಿಂಬದಿಯಲ್ಲಿ ನೋಡಿ, ಫೋಟೋ ಅಂದರೆ ಇದು ಎಂದರು.

ಅಷ್ಟರಲ್ಲಿ ನಾಗಪ್ಪ ಕೊಟ್ಟಿಗೆಗೆ ಹೋಗಿ ಗೋಣಿ ಬಿಚ್ಚಿ ಆ ಫ್ರೇಮು ತಂದರು. ಹೆಂಡತಿ ಗದರಿದರೂ ಕೇಳದೆ ಕಟ್ಟೆಯ ಮೇಲೆ ಇಟ್ಟು, ಧೋತರದ ಚುಂಗಿನಿಂದ ಗಾಜು ಒರೆಸಿದರು. “ನಾ ನಕ್ಕಿದ್ದು ನಾ ಎಂದೂ ನೋಡಿದ್ದಿಲ್ರಿ,” ಎಂದರು. ಅವರಿಗೆ ಅದು ಬೇಕಾಗಿತ್ತು. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ, ಆದರೆ ಬೇಕಾಗಿತ್ತು.

ಚಂದಮ್ಮ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಫ್ರೇಮನ್ನು ಬದಿಗೆ ಸರಿಸಿ ಅದೇ ಕಟ್ಟೆಯ ಮೇಲೆ ಕೂತು, ತಲೆಯ ಮೇಲೆ ಸೆರಗು ಹೊದ್ದುಕೊಂಡು ನನ್ನ ಕಡೆ ತಿರುಗಿದರು.

“ಇಂಥಾದ್ದಾ ನಂದೊಂದು ತಗೀರಿ. ಬಣ್ಣ ಬ್ಯಾಡ.”

ಯಾಕವ್ವಾ ಎಂದು ಕೇಳಿದೆ.

“ಇವರದೊಂದಾ ಇದ್ರ ಇವರ ಪಾಳಿನೇ ಮದಲ ಅಂದಂಗ ಆತದ. ಇಬ್ಬರದೂ ಇರ್ಲಿ. ಯಾರದು ಮದಲ ಅಂತ ಯಮಗ ತಿಳೀಬಾರದು.”

ನಾಗಪ್ಪ ಎಮ್ಮೆಯ ಕಡೆ ಮುಖ ತಿರುಗಿಸಿದರು. ನಾನು ಕ್ಯಾಮೆರಾ ಎತ್ತಿದೆ. ನಗಬೇಕೋ ಬೇಡವೋ ಎಂದು ಚಂದಮ್ಮ ಕೇಳಿದರು. ನಿಮ್ಮ ಮರ್ಜಿ ಎಂದೆ. ಅವರು ನಗಲಿಲ್ಲ, ಗಂಡನ ಬೆನ್ನನ್ನೇ ನೋಡುತ್ತಾ ಕೂತರು. ಹಾಗೆಯೇ ತೆಗೆದೆ. ಅದಕ್ಕಿಂತ ಒಳ್ಳೆಯ ಫೋಟೋವನ್ನು ನಾನು ಕದ್ದು ಎಂದೂ ತೆಗೆದಿಲ್ಲ.

ಅದಕ್ಕೂ ಅಷ್ಟೇ ಅಳತೆಯ ಫ್ರೇಮು ಕಟ್ಟಿಸಿ, ಬಣ್ಣದ ಫೋಟೋದ ಜೊತೆ ಈ ಸಲ ನಾನೇ ಒಯ್ದು ಕೊಟ್ಟೆ. ಈಗ ಗೋಡೆಯ ಮೇಲೆ ಇಬ್ಬರೂ ಎಮ್ಮೆಯ ಜೊತೆ ಬಣ್ಣದಲ್ಲಿ ನಿಂತಿದ್ದಾರೆ. ನಾಗಪ್ಪ ಎಂದಿನಂತೆ ಸಂತೆಗೆ ಹೋಗಿಬರುತ್ತಾರೆ. ಕಪ್ಪು ಬಿಳುಪಿನ ಎರಡೂ ಫ್ರೇಮುಗಳು ಒಂದೇ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿವೆ. ಟ್ರಂಕಿನ ಕೀಲಿಕೈ ಚಂದಮ್ಮನ ಸೊಂಟದಲ್ಲಿದೆ.