ಅತ್ತೆ ಹೊಳ್ಳಿ ನೋಡಿದ್ದು

“ಹೊಳ್ಳಿ ನೋಡಬ್ಯಾಡ ಅಂತ ಹೇಳವಾ ಆಕಿಗೆ!” ಎಂದು ನಮ್ಮತ್ತೆ ಕೂಗಿದ ರಭಸಕ್ಕೆ ಅವರ ಮಡಿಲಲ್ಲಿದ್ದ ಒಣದ್ರಾಕ್ಷಿಯೆಲ್ಲ ನೆಲಕ್ಕೆ ಚೆಲ್ಲಿತು.

ಅಥಣಿ ಹತ್ತಿರದ ನಮ್ಮ ತೋಟದ ಶೆಡ್ಡಿನಲ್ಲಿ ತೊಟ್ಟು ಬಿಡಿಸುತ್ತ ಕುಳಿತಿದ್ದೆವು. ಪಿಯುಸಿ ಓದುವ ಮಗಳು ಒಂದು ಇಂಗ್ಲಿಷ್ ಕಾದಂಬರಿಯ ಕಥೆ ಹೇಳುತ್ತಿದ್ದಳು. ಗ್ರೀಕರ ಪುರಾಣದಿಂದ ಹುಟ್ಟಿದ ದೆವ್ವದ ಕಥೆ. ಕಾಲೇಜು ಹುಡುಗಿಯೊಬ್ಬಳು ಸತ್ತ ತಮ್ಮನನ್ನು ಕರೆತರಲು ಪಾತಾಳಕ್ಕೆ ಇಳಿಯುತ್ತಾಳೆ. ಅವನು ಹಿಂದೆ ಬರುತ್ತಾನೆ, ಆದರೆ ಮೇಲೆ ಮುಟ್ಟುವವರೆಗೆ ಅವಳು ತಿರುಗಿ ನೋಡುವಂತಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಇವಳಿಗೆ ಇಂಥ ಪುಸ್ತಕವೇ ಬೇಕೇ ಎಂದು ನಾನು ಗೊಣಗುತ್ತಲೇ ಇದ್ದೆ.

“ನೋಡೇ ಬಿಟ್ಲು ಆಯಿ. ಅಂವ ಅಲ್ಲೇ ಮಾಯ ಆದ,” ಎಂದಳು ಮಗಳು ಅಜ್ಜಿಗೆ.

ಅತ್ತೆ ಚೆಲ್ಲಿದ ದ್ರಾಕ್ಷಿಯನ್ನು ಒಂದೊಂದಾಗಿ ಆಯತೊಡಗಿದರು. ಅವರ ಚೊಚ್ಚಲ ಮಗ ಮೂರು ವರ್ಷದವನಿದ್ದಾಗಲೇ ತೀರಿಕೊಂಡಿದ್ದು, ಇದೇ ತೋಟದ ಬೇವಿನ ಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದ್ದು ನನಗೆ ಗೊತ್ತಿತ್ತು.

“ಮಣ್ಣ ಕೊಟ್ಟ ಬರುವಾಗ ಹೊಳ್ಳಿ ನೋಡಿದ್ರ ಸತ್ತಾವ್ರು ಬೆನ್ನ ಹತ್ತಿ ಬರ್ತಾರ ಅಂತಾರ ನಮ್ಮಲ್ಲಿ,” ಎಂದರು ಅತ್ತೆ. “ನಾ ಬೇಕಂತನ ನೋಡಿದ್ನಿ. ಅಂವ ಬರಲಿಲ್ಲ, ಯವ್ವಾ.”

ಸಂಜೆ ಮನೆಗೆ ಹೊರಟಾಗ ಎಂದಿನಂತೆ ಅತ್ತೆ ಮುಂದೆ, ನಾನು ಹಿಂದೆ. ಬೇವಿನ ಮರ ದಾಟಿದ ಮೇಲೆ ಅವರು ಒಮ್ಮೆ ಹೊಳ್ಳಿ ನೋಡಿದರು. ನಾನು ಈ ಮನೆಗೆ ಬಂದಾಗಿನಿಂದ ದಿನವೂ ಅಲ್ಲಿ ಹಾಗೆಯೇ ನೋಡುತ್ತಾರೆ. ಸೊಸೆಯ ನಡಿಗೆ ನಿಧಾನವೆಂದು ನೋಡುತ್ತಾರೆ ಅಂದುಕೊಂಡು ಇಷ್ಟು ವರ್ಷ ಅವರ ಮೇಲೆ ಸಿಟ್ಟಾಗಿದ್ದೆ.