ಷಡ್ಡಕನ ಮ್ಯಾಚ್‌ಲೆಸ್

ಕಡೂರು ಬಸ್‌ಸ್ಟ್ಯಾಂಡಿನ ಹಿಂದೆ ವರ್ಕ್‌ಶಾಪು ಇಟ್ಟಿದ್ದ ದೇವೀರಪ್ಪ ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಒಳ್ಳೆಯವನೇ. ಪಂಚನಹಳ್ಳಿ ಕಡೆಯ ರೈತರು ಕೆಟ್ಟ ಪಂಪ್‌ಸೆಟ್ಟನ್ನು ಗಾಡಿಯಲ್ಲಿ ಹೇರಿಕೊಂಡು ಬಂದರೆ ಇಳಿಸುವ ಮೊದಲೇ ಒಂದು ಸಲ ತಿರುಗಿಸಿ ನೋಡುತ್ತಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಒಳಗೆ ಯಾವ ಬೇರಿಂಗ್ ಅಳುತ್ತಿದೆ ಎಂದು ಹೇಳಿಬಿಡುತ್ತಿದ್ದ. ಯಾರ ಏಳಿಗೆ ಕಂಡೂ ಕರುಬಿದವನಲ್ಲ. ಷಡ್ಡಕನ ವಿಷಯ ಒಂದನ್ನು ಬಿಟ್ಟು.

ಈ ಕಿಚ್ಚು ಹೆಣ್ಣಿನ ಕಡೆಯ ಆಸ್ತಿಗಾಗಿ ಹುಟ್ಟಿದ್ದಲ್ಲ. ಹುಟ್ಟಿದ್ದು ಒಂದು ಮೋಟಾರ್ ಸೈಕಲ್ಲಿಗಾಗಿ. ತರೀಕೆರೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಮಾವ ತೀರ್ಥಪ್ಪನವರು ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮ್ಯಾಚ್‌ಲೆಸ್ ಗಾಡಿಯೊಂದನ್ನು ತಂದಿದ್ದರು. ಎಪ್ಪತ್ತೊಂದರಲ್ಲಿ ದೇವೀರಪ್ಪ ಹೆಣ್ಣು ನೋಡಲು ಹೋದಾಗ ಅದು ಪಡಸಾಲೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ಎಂಜಿನ್ ಒಳಗೇ ಕಚ್ಚಿ ಹಿಡಿದುಕೊಂಡು, ತಿರುಗದೆ ಆರು ವರ್ಷವಾಗಿತ್ತು. ಹುಡುಗಿ ಕಾಫಿ ಲೋಟ ಹಿಡಿದು ಎದುರು ನಿಂತರೂ ಇವನ ಕಣ್ಣು ಗೋಣಿತಾಟಿನ ಕೆಳಗೆ ಕಾಣುತ್ತಿದ್ದ ಚಕ್ರದ ಮೇಲೇ ಇತ್ತು. "ನನ್ನ ಒಪ್ಕಂಡಿದ್ದಲ್ಲ, ಗಾಡಿ ಒಪ್ಕಂಡು ತಾಳಿ ನನಗೆ ಕಟ್ಟಿದ್ರು" ಎಂದು ಮಲ್ಲಿಕಾಂಬ ಮದುವೆಯಾಗಿ ಹತ್ತು ವರ್ಷವಾದ ಮೇಲೂ ಆಡಿಕೊಳ್ಳುತ್ತಿದ್ದಳು.

ಮದುವೆಯ ನಂತರ ಅವನು ಮಾವನ ಮನೆಗೆ ಹೋದಾಗಲೆಲ್ಲ ಹೋಳಿಗೆ ಉಂಡು ಮಲಗಿದವನಲ್ಲ. ಅಂಗಿ ಬಿಚ್ಚಿ ಗಾಡಿಯ ಮುಂದೆ ಕೂರುತ್ತಿದ್ದ. ಪಿಸ್ಟನ್ನನ್ನು ದಾವಣಗೆರೆಯಲ್ಲಿ ಹುಡುಕಿದ, ವಾಲ್ವುಗಳನ್ನು ಬೆಂಗಳೂರಿನ ಹಳೇ ಕಬ್ಬಿಣದ ಅಂಗಡಿಯಲ್ಲಿ ಆರಿಸಿದ, ಸಿಗದ ಬುಷ್ಷುಗಳನ್ನು ತಾನೇ ಕಡೆದ. ನಾಲ್ಕು ವರ್ಷಕ್ಕೆ ಗಾಡಿ ಗುಡುಗಿತು. ಅಂದು ಅವನ ಎದೆಯೊಳಗೆ ಇದ್ದದ್ದು ಒಂದೇ ಮಾತು: ಮಾವ ಈಗ ಇದನ್ನು ನೀವೇ ಇಟ್ಟುಕೊಳ್ಳಿ ಎನ್ನಬೇಕು. ಮಾವ ಹಾಗೆನ್ನಲಿಲ್ಲ. ಇವನೂ ಕೇಳಲಿಲ್ಲ. ಅಳಿಯನಾದವನು ಮಾವನ ಮನೆಯಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಬಾಯಿ ತೆರೆದು ಕೇಳಿದರೆ ಮರ್ಯಾದೆ ಹೋಯಿತು ಎಂದು ಅವನ ಅವ್ವ ಮದುವೆಯ ಹಿಂದಿನ ದಿನ ಕಿವಿ ಹಿಂಡಿ ಹೇಳಿದ್ದಳು. ಅವನು ಅದನ್ನು ಮಂತ್ರದ ಹಾಗೆ ಪಾಲಿಸಿದ.

ಎಪ್ಪತ್ತೇಳರಲ್ಲಿ ಮಲ್ಲಿಕಾಂಬಳ ತಂಗಿಯನ್ನು ಅಜ್ಜಂಪುರದ ಜಯದೇವಪ್ಪನಿಗೆ ಕೊಟ್ಟರು. ಈರುಳ್ಳಿ ಮಂಡಿಯವನು, ನಗುಮುಖದವನು, ಎಲ್ಲಿ ಕೂತರೂ ನಾಲ್ಕು ಜನ ಸುತ್ತ ಸೇರುವಂಥವನು. ಅವನಿಗೆ ಬುದ್ಧಿ ಹೇಳುವ ಅವ್ವ ಇರಲಿಲ್ಲವೋ ಏನೋ, ಮೊದಲನೇ ದೀಪಾವಳಿಗೆ ಬಂದವನು ಎಣ್ಣೆನೀರು ಹಾಕಿಸಿಕೊಂಡು ಪಡಸಾಲೆಗೆ ಬಂದು, "ಮಾವ, ಗಾಡಿ ಸುಮ್ನೆ ನಿಂತದಲ್ಲ, ನಾನು ತಗಂಡೋಗ್ಲಾ" ಎಂದ.

"ತಗಂಡೋಗಪ್ಪ, ಅದ್ಕೇನು" ಎಂದರು ಮಾವ.

ಅಷ್ಟೇ. ದೇವೀರಪ್ಪ ಆರು ವರ್ಷ ಬಾಯಿ ಕಟ್ಟಿಕೊಂಡು ಕಾದದ್ದು ಆರು ಮಾತಿನಲ್ಲಿ ಅಜ್ಜಂಪುರಕ್ಕೆ ಹೋಯಿತು.

ಎಂಬತ್ತೊಂದರ ಜನವರಿಯಲ್ಲಿ ಬೆಂಗಳೂರಿನ ಹಳೇ ಗಾಡಿಗಳ ಕ್ಲಬ್ಬೊಂದು ಪಂದ್ಯ ಏರ್ಪಡಿಸಿತು. ಊರಾಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿದ್ದ ಹಾಳು ರನ್‌ವೇ. ಅದರ ಮೇಲೆ ಮರಳು ತುಂಬಿದ ಡ್ರಮ್ಮು, ಹುಲ್ಲಿನ ಪೆಂಡಿ ಇಟ್ಟು ತಿರುವು ಮಾಡಿ ಎಂಟು ಸುತ್ತು ಓಡಿಸುವುದು. ಇಪ್ಪತ್ತೈದು ವರ್ಷ ದಾಟಿದ ಗಾಡಿಗಳು ಮಾತ್ರ. ಪತ್ರಿಕೆಯಲ್ಲಿ ಸುದ್ದಿ ಓದಿದ ಜಯದೇವಪ್ಪ ನೇರ ಕಡೂರಿಗೆ ಬಂದು ವರ್ಕ್‌ಶಾಪಿನ ಮುಂದೆ ಗಾಡಿ ನಿಲ್ಲಿಸಿದ. "ಅಣ್ಣ, ಇದನ್ನ ರೇಸಿಗೆ ರೆಡಿ ಮಾಡಿಕೊಡಿ. ನಿಮ್ಮ ಬಿಟ್ರೆ ಇನ್ಯಾರಿಗೂ ಇದು ಬಗ್ಗಲ್ಲ" ಎಂದ. ಹೊಗಳಿಕೆ ಅಮೃತದಂತಿತ್ತು, ಕೆಲಸ ವಿಷದಂತಿತ್ತು. ದೇವೀರಪ್ಪ ಒಪ್ಪಿಕೊಂಡ. ಇನ್ನೊಬ್ಬ ಮೇಸ್ತ್ರಿ ಅದರ ಒಳಗೆ ಕೈ ಹಾಕುವುದನ್ನು ಅವನು ಸಹಿಸುವ ಹಾಗೇ ಇರಲಿಲ್ಲ.

ಬೆಳಗಿನ ಹೊತ್ತು ಎಮ್ಮೆದೊಡ್ಡಿಯ ಕಾವಲಿನ ಅಂಚಿನಲ್ಲಿ ಗಾಡಿ ಓಡಿಸಿ ಪರೀಕ್ಷೆ ಮಾಡಿದರು. ಜಯದೇವಪ್ಪ ಟ್ಯಾಂಕಿನ ಮೇಲೆ ಬೋರಲು ಬಾಗಿ ಗಾಡಿ ಬಿಟ್ಟರೆ ಅಮೃತಮಹಲ್ ದನಗಳು ಬಾಲ ಎತ್ತಿಕೊಂಡು ಚದುರುತ್ತಿದ್ದವು. ಎಂಜಿನ್ನಿಗೆ ದೇವೀರಪ್ಪ ಹರಳೆಣ್ಣೆ ಹಾಕಿದ್ದ. ಸುಡುವ ಎಂಜಿನ್ನಿನಲ್ಲೂ ತೆಳುವಾಗದೆ ಉಳಿಯುವುದು ಅದೊಂದೇ ಎಂದು ಹಳೇ ಮಿಲಿಟರಿ ಮೆಕ್ಯಾನಿಕ್ಕೊಬ್ಬ ಅವನಿಗೆ ಕಲಿಸಿದ್ದ. ಅಂಗಡಿಯ ಎಣ್ಣೆಯನ್ನು ನಂಬದೆ ಅತ್ತೆ ಪ್ರೇಮಮ್ಮನ ಕೈಯಲ್ಲಿ ಮಾಡಿಸಿದ್ದ. ಅವರು ಹರಳನ್ನು ಹುರಿದು, ಕುಟ್ಟಿ, ಬೇಯಿಸಿ, ತೇಲಿದ್ದನ್ನು ತೆಗೆದು, ನೀರಿನ ಪಸೆ ಆರುವ ತನಕ ಮತ್ತೆ ಕಾಸಿ ಕೊಟ್ಟಿದ್ದರು. ಇದರಲ್ಲಿ ಒಂದೇ ಎಚ್ಚರ. ಹರಳೆಣ್ಣೆಗೂ ಮಾಮೂಲಿ ಎಂಜಿನ್ ಆಯಿಲಿಗೂ ಆಗಿಬರುವುದಿಲ್ಲ. ಹಳೆಯದನ್ನು ಪೂರ್ತಿ ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಇದನ್ನು ಹಾಕಬೇಕು. ಎರಡೂ ಬೆರೆತರೆ ಒಡೆದ ಹಾಲಿನ ಹಾಗೆ ಗಟ್ಟಿಕಟ್ಟಿ ಎಣ್ಣೆಯ ದಾರಿಯೇ ಮುಚ್ಚಿಹೋಗುತ್ತದೆ.

ಕಡೂರು ಸ್ಟೇಷನ್ನಿನಲ್ಲಿ ಪೆಟ್ರೋಲು ಖಾಲಿ ಮಾಡಿ, ಹುಲ್ಲು ಗೋಣಿ ಸುತ್ತಿ ಲಗೇಜು ಬೋಗಿಗೆ ಏರಿಸಿದರು. ಮೊದಲನೇ ವರ್ಷವೇ ಜಯದೇವಪ್ಪ ಎರಡನೆಯವನಾಗಿ ಬಂದ. ಪತ್ರಿಕೆಯಲ್ಲಿ ಅವನ ಚಿತ್ರ ಬಂತು. ಚಿತ್ರದ ಅಂಚಿನಲ್ಲಿ ಸ್ಪ್ಯಾನರು ಹಿಡಿದ ಒಂದು ಕೈ ಮೊಣಕೈವರೆಗೆ ಕಾಣುತ್ತಿತ್ತು. ಅದು ದೇವೀರಪ್ಪನ ಕೈ. ಅಟ್ಟವಳನ್ನು ಕೇಳುವವರಿಲ್ಲ, ಬಡಿಸಿದವಳ ಕೈಯನ್ನೇ ಎಲ್ಲರೂ ಹೊಗಳುವುದು. ತರೀಕೆರೆಯಲ್ಲಿ ಮಾವ ಅಳಿಯಂದಿರನ್ನು ಊಟಕ್ಕೆ ಕೂರಿಸಿದಾಗ, ಹತ್ತು ವರ್ಷದಲ್ಲಿ ಮೊದಲ ಬಾರಿ, ತುಪ್ಪದ ಗಿಂಡಿ ಹಿರಿಯಳಿಯನ ಎಲೆ ದಾಟಿ ಕಿರಿಯಳಿಯನ ಎಲೆಗೆ ಮೊದಲು ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ದೇವೀರಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿತ್ತು, ಅದು ಆರಲೇ ಇಲ್ಲ.

ಮರುವರ್ಷದ ಪಂದ್ಯಕ್ಕೆ ಹೊರಡುವ ಮುನ್ನ ಮಾವ ಇಬ್ಬರ ಎದುರಿಗೂ ಹೇಳಿದರು: "ಈ ಸಲ ಜಯದೇವಪ್ಪ ಮೊದಲನೆಯೋನಾಗಿ ಬಂದ್ರೆ ಗಾಡಿ ಅವನ ಹೆಸರಿಗೇ ಬರ್ಸಿಬಿಡ್ತೀನಿ. ಏನಂತೀರ ದೇವೀರಪ್ಪನೋರೆ?"

"ನಿಮ್ಮ ಗಾಡಿ, ನಿಮ್ಮಿಷ್ಟ ಮಾವ" ಎಂದ ದೇವೀರಪ್ಪ. ಮುಖದಲ್ಲಿ ನಗುವನ್ನೂ ಇಟ್ಟುಕೊಂಡಿದ್ದ. ಮನೆಗೆ ಬಂದು ಮಲ್ಲಿಕಾಂಬಳ ಮೇಲೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ರೇಗಿದ.

"ಬಾಯ್ಬಿಟ್ಟು ಕೇಳ್ಬಾರ್ದೇನ್ರೀ? ನಂಗೇ ಬೇಕು ಅಂದ್ರೆ ಅಪ್ಪಯ್ಯ ಇಲ್ಲ ಅಂತಾರಾ?" ಎಂದಳು ಅವಳು.

"ಕೇಳಿ ಈಸ್ಕಂಡ್ರೆ ಭಿಕ್ಷೆ ಕಣೇ ಅದು" ಎಂದು ಎದ್ದುಹೋದ. ಭಿಕ್ಷೆ ಬೇಡಲಾರದ ಮನುಷ್ಯ ಕಳ್ಳಕೆಲಸಕ್ಕೆ ಹೇಸಲಿಲ್ಲ, ಅದನ್ನೂ ಹೇಳಬೇಕು.

ಪಂದ್ಯದ ಬೆಳಿಗ್ಗೆ ಜಯದೇವಪ್ಪ ಹೆಸರು ಬರೆಸಲು ಹೋಗಿದ್ದ. ದೇವೀರಪ್ಪ ಎಂಜಿನ್ನಿನಲ್ಲಿದ್ದ ಮಾಮೂಲಿ ಆಯಿಲು ಇಳಿಸಲು ಕುಳಿತ. ಅರ್ಧ ಇಳಿದಿತ್ತು. ತಿರುಪನ್ನು ಮತ್ತೆ ಬಿಗಿದ. ಸೀಮೆಎಣ್ಣೆಯ ಡಬ್ಬಿಯನ್ನು ಮುಟ್ಟಲಿಲ್ಲ. ಅತ್ತೆಯ ಹರಳೆಣ್ಣೆಯನ್ನು ಅದರ ಮೇಲೇ ಸುರಿದ. ನಾನು ಏನೂ ಮಾಡಲಿಲ್ಲ, ಮಾಡಬೇಕಾದ್ದನ್ನು ಒಂಚೂರು ಬಿಟ್ಟೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಎಂಜಿನ್ ಬಿಸಿಯಾಗಿ ಸೊರಗಲಿ, ನಾಲ್ಕನೇ ಸುತ್ತಿಗೋ ಐದಕ್ಕೋ ನಿಂತುಹೋಗಲಿ, ಗೆಲ್ಲದೆ ವಾಪಸು ಬರಲಿ. ಅವನು ಬಯಸಿದ್ದು ಇಷ್ಟನ್ನೇ.

ಜಯದೇವಪ್ಪ ಬಂದು ಅಂಗಿಯ ತೋಳು ಮೇಲೇರಿಸಿದ. ಕೊರಳಲ್ಲಿ ಏನೂ ನೇತಾಡಬಾರದು ಎಂದು ಪಂದ್ಯದವರು ಹೇಳಿದ್ದರು. ಲಿಂಗವನ್ನು ಮೈಯಿಂದ ಬಿಚ್ಚಿಡುವಂತಿಲ್ಲ. "ಅಣ್ಣ, ತೋಳಿಗೆ ಕಟ್ಟಿಕೊಡಿ" ಎಂದು ಬೆಳ್ಳಿ ಕರಡಿಗೆಯನ್ನು ಶಿವದಾರದ ಸಮೇತ ಮುಂದೆ ಹಿಡಿದ. ದೇವೀರಪ್ಪ ಕೈ ಒರೆಸಿಕೊಂಡು ಕಟ್ಟಿದ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಐದನೇ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ಮ್ಯಾಚ್‌ಲೆಸ್ ಉದ್ದನೆಯ ನೇರ ದಾರಿಯಲ್ಲಿ ಪೂರ್ತಿ ವೇಗದಲ್ಲಿದ್ದಾಗ ಎಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗಿತು. ಸವಾರ ಹುಲ್ಲಿನ ಪೆಂಡಿಗಳ ಮೇಲಿಂದ ಹಾರಿ ಆಚೆ ಬಿದ್ದ. ದೇವೀರಪ್ಪ ಓಡಿದ ಓಟವನ್ನು ನೋಡಿದವರು ಷಡ್ಡಕ ಅಂದರೆ ಹೀಗಿರಬೇಕು ಎಂದರು. ಜಯದೇವಪ್ಪನ ಭುಜದ ಎಲುಬು ಎರಡು ಕಡೆ ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ, ಆದರೆ ಬಲಗೈ ಕಿವಿಗಿಂತ ಮೇಲೆ ಮತ್ತೆಂದೂ ಏಳಲಿಲ್ಲ.

ತರೀಕೆರೆಗೆ ತಂದು ಎಂಜಿನ್ ಬಿಚ್ಚಿದಾಗ ಒಳಗೆ ಬೆಣ್ಣೆಯ ಹಾಗೆ ಕಂದು ಗಸಿ. ಮಾವ ಅದನ್ನು ಬೆರಳಲ್ಲಿ ತೆಗೆದು ಅಡುಗೆಮನೆಗೆ ಒಯ್ದು ತೋರಿಸಿದರು. ಪ್ರೇಮಮ್ಮ ಮೂಸಿ ನೋಡಿ ಅಲ್ಲೇ ಕುಸಿದು ಕುಳಿತರು. "ನೊರೆ ಅಡಗೋ ಮುಂಚೆ ಇಳಿಸಿಬಿಟ್ನೇನೋ. ನೀರು ಉಳ್ಕಂಡಿರ್ಬೇಕು. ನನ್ನ ಕೈಯಾರೆ ಅಳಿಯನ್ನ ಕೊಲ್ಲಕ್ಕೋಗಿದ್ನಲ್ಲ ಶಿವನೇ" ಎಂದು ಅತ್ತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದೇವೀರಪ್ಪ ಬಾಗಿಲ ಬಳಿಯೇ ನಿಂತಿದ್ದ. ಆ ಮನೆಯಲ್ಲಿ ಮೂವತ್ತು ವರ್ಷ ಮಕ್ಕಳು ಮೊಮ್ಮಕ್ಕಳ ನೆತ್ತಿಗೆಲ್ಲ ಎಣ್ಣೆ ಕಾಸಿದ ಹೆಂಗಸು ಅಂದಿನಿಂದ ಹರಳು ಹುರಿಯಲಿಲ್ಲ. ನಂಟರು ಕೇಳಿದರೆ, ಅಂಗಡೀಲಿ ತಗಳ್ಳಿ, ನನ್ನ ಕೈಯಿಂದು ಬ್ಯಾಡ ಎನ್ನುತ್ತಿದ್ದರು.

ಗಾಡಿ? ಅದು ದೇವೀರಪ್ಪನ ಪಾಲಿಗೆ ಬಂತು. "ಇನ್ನು ಇದನ್ನ ನೀವೇ ಇಟ್ಕಳಿ. ಮುದಲೇ ನಿಮಗೆ ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ" ಎಂದು ಮಾವ ಕಾಗದಪತ್ರ ಕೈಗಿಟ್ಟರು. ಹನ್ನೊಂದು ವರ್ಷದ ಆಸೆ ಕೈಗೆ ಬಂದ ದಿನ ಅವನಿಗೆ ಅದನ್ನು ಹಿಡಿದುಕೊಳ್ಳಲು ಮನಸ್ಸಾಗಲಿಲ್ಲ. ಹಿಡಿದುಕೊಂಡ.

ಎರಡು ವರ್ಷ ಗಾಡಿ ವರ್ಕ್‌ಶಾಪಿನಲ್ಲಿ ನಿಂತಿತ್ತು. ಎಂಬತ್ನಾಲ್ಕರಲ್ಲಿ ಜಯದೇವಪ್ಪನೇ ಬಂದು ಹಟ ಹಿಡಿದ. "ನಾನಂತೂ ಓಡ್ಸಂಗಿಲ್ಲ. ನೀವು ಓಡ್ಸಿ ಅಣ್ಣ. ನಾನು ಸ್ಪ್ಯಾನರ್ ಹಿಡ್ಕಂಡು ನಿಂತ್ಕತೀನಿ." ಆ ಮಾತು ಕೇಳಿ ದೇವೀರಪ್ಪನೊಳಗೆ ಹಳೇ ಕಿಚ್ಚು ಮತ್ತೆ ತಲೆಯೆತ್ತಿತು. ಈಗ ಊರಿಗೆಲ್ಲ ತೋರಿಸಬಹುದು, ಗೆದ್ದದ್ದು ಸವಾರನಲ್ಲ, ಗಾಡಿ ಕಟ್ಟಿದ ಕೈ ಎಂದು. ಮೂರು ತಿಂಗಳು ಎಂಜಿನ್ ಕಟ್ಟಿದ. ಅದು ಹಿಂದೆಂದೂ ಇಲ್ಲದಷ್ಟು ಹಗುರವಾಗಿ ಉಸಿರಾಡಿತು. ಎಣ್ಣೆಯ ಟ್ಯಾಂಕನ್ನು ಒಂದಲ್ಲ ಮೂರು ಸಲ ತೊಳೆದ.

ಪಂದ್ಯ ಶುರುವಾಯಿತು. ಮೊದಲ ಸುತ್ತಿನಲ್ಲಿ ಐದನೆಯವನಾಗಿದ್ದ. ಉದ್ದನೆಯ ದಾರಿ ಬಂತು. ಹಿಡಿ ಪೂರ್ತಿ ತಿರುಗಿಸಿದ. ಗಾಡಿ ನುಗ್ಗಿತು, ಮುಂದಿನ ಇಬ್ಬರು ಹತ್ತಿರವಾದರು. ಆಗ ಒಳಗೆಲ್ಲೋ ಚಿಕ್ಕ ಸದ್ದೊಂದು ಕೇಳಿದ ಹಾಗಾಯಿತು. ಸದ್ದಿರಲಿಲ್ಲ. ಅವನಿಗೂ ಗೊತ್ತು, ಇರಲಿಲ್ಲ. ಆದರೂ ಕೈ ತಾನಾಗಿ ಸಡಿಲವಾಯಿತು. ಎರಡನೇ ಸುತ್ತಿನಲ್ಲೂ ಹಾಗೇ, ಮೂರರಲ್ಲೂ ಹಾಗೇ. ಎಣ್ಣೆ ಪೂರ್ತಿ ಇಳಿಸಿದೆನೇ, ತಿರುಪು ಬಿಗಿದೆನೇ, ಏನಾದರೂ ಬಿಟ್ಟೆನೇ ಎಂದು ಆ ಓಟದ ನಡುವೆ ಲೆಕ್ಕ ಹಾಕುತ್ತಿದ್ದ. ಹದಿನಾಲ್ಕು ಗಾಡಿಗಳಲ್ಲಿ ಹನ್ನೆರಡನೆಯವನಾಗಿ ಬಂದ.

ಜಯದೇವಪ್ಪ ನೀರಿನ ಚೊಂಬು ಕೊಟ್ಟು ಪಕ್ಕದಲ್ಲಿ ಕುಳಿತ. "ಗಾಡಿ ಚೆನ್ನಾಗೇ ಹೋಗ್ತಿತ್ತಲ್ಲ. ಉದ್ದನೆ ದಾರೀಲಿ ಯಾಕೆ ಕೈ ಸಡಿಲ ಬಿಟ್ರಿ?"

"ಒಳಗೆ ಏನೋ ಸದ್ದು ಬಂದಂಗಾಯ್ತು ಕಣೋ. ನೀನು ಓಡಿಸ್ವಾಗ ನಿಂಗೆ ಹಂಗೇನೂ ಆಗ್ತಿರಲಿಲ್ವಾ?"

"ನನಗ್ಯಾಕಾಗ್ಲಿ?" ಎಂದು ಜಯದೇವಪ್ಪ ನಕ್ಕ. "ಕಿವಿಗೆ ಹತ್ತಿ ತುರುಕ್ಕಂಡು ಕೂತ್ಕತಿದ್ದೆ. ಕಟ್ಟಿದೋರು ನೀವು, ಒಳಗಿಂದು ನೋಡ್ಕಳದು ನೀವು. ಬಿದ್ದ ದಿನಾನೂ, ಎಂಜಿನ್ ಹಿಡ್ಕಳೋವರೆಗೂ, ಒಂದು ಗಳಿಗೆ ನಾನು ಅದ್ರ ಯೋಚ್ನೆ ಮಾಡಿರಲಿಲ್ಲ ಅಣ್ಣ."

ದೇವೀರಪ್ಪ ಚೊಂಬು ಎತ್ತಿ ಕುಡಿದ. ಷಡ್ಡಕನ ಮೇಲೆ ಅವನಿಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲದ ಉರಿಗೆ ಗಾಡಿ ಕಾರಣವಲ್ಲ, ಪತ್ರಿಕೆಯ ಚಿತ್ರವೂ ಅಲ್ಲ. ಆ ಮನುಷ್ಯನಿಗೆ ಕಣ್ಣು ಮುಚ್ಚಿ ನಂಬುವುದಕ್ಕೆ ಒಬ್ಬ ಮೇಸ್ತ್ರಿ ಇದ್ದ. ತನಗಿದ್ದ ಮೇಸ್ತ್ರಿ ಎಂಥವನೆಂದು ದೇವೀರಪ್ಪನಿಗೆ ಗೊತ್ತಿತ್ತು.