ಕಾಕಾನ ಟ್ರಂಕಿನ ಕಾಗದ

ಹೋದ ವಾರ ವಿಲಾಯತಿಯ ಈ ಹ್ಯಾರೋದ ಲೈಬ್ರರಿಯಲ್ಲಿ ಯಾರೋ ಪೋಸ್ಟರಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದರು. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಪಕ್ಕದ ಮನೆಯ ಕಾಕಾ ನೆನಪಾದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ, ನಾನು ಆಡುತ್ತೇನೆ.

ಕಾಕಾ ನಮಗೆ ನೆಂಟರೇನಲ್ಲ. ವಿಜಯಪುರದ ಕಡೆಯ ನಮ್ಮದೇ ಊರಿನವರು, ಅಷ್ಟೇ. ಅವರ ಅಜ್ಜ ಊರಿನ ಕೋರ್ಟಿನಲ್ಲಿ ವಕೀಲ. ನನ್ನ ಅಜ್ಜ ಅದೇ ಕೋರ್ಟಿನ ಕಟ್ಟೆಯ ಮೇಲೆ ಕೂತು ಜನರಿಗೆ ಖರೀದಿಪತ್ರ, ಆಸ್ತಿ ಪಾಲಿನ ವಾಟಣಿಪತ್ರ ಬರೆದುಕೊಡುತ್ತಿದ್ದವ. ಕಾಕಾ ಊರಿನಿಂದ ಒಂದು ಟ್ರಂಕು ತುಂಬ ಹಳೇ ಕಾಗದ ತಂದಿದ್ದರು. ಅದರಲ್ಲಿ ಹೆಚ್ಚಿನವು ಮೋಡಿ ಲಿಪಿಯವು, ಹಿಂದೆ ನಮ್ಮ ಕಡೆ ಕಚೇರಿ ಕೆಲಸಕ್ಕೆ ಬಳಸುತ್ತಿದ್ದ ಆ ಗೀಚು ಬರಹ. ಭಾನುವಾರ ಬಂತೆಂದರೆ ಮಷೀನು ಹಚ್ಚಿ ಒಂದೊಂದನ್ನೇ ಲ್ಯಾಮಿನೇಟ್ ಮಾಡುವರು. ದೇವರ ಫೋಟೋಕ್ಕೆ ಮಾಡಿಸುತ್ತೇವಲ್ಲ, ಹಾಗೆ. ಬಂದವರಿಗೆಲ್ಲ ಒಂದೇ ಮಾತು: "ಊರಿನ ಇತಿಹಾಸ ಪೂರಾ ನನ್ನ ಮನ್ಯಾಗ ಅದ."

ಇರಲಿ ಬಿಡಿ, ಹುಚ್ಚು ಯಾರಿಗಿಲ್ಲ... ಆದರೆ ಒಂದು ದೀಪಾವಳಿಗೆ, ಕಿಂಗ್ಸ್‌ಬರಿಯ ಹಾಲ್‌ನಲ್ಲಿ, ಕನ್ನಡದವರೆಲ್ಲ ಊಟಕ್ಕೆ ಕೂತಿದ್ದಾಗ ನನ್ನ ಅಪ್ಪನ ಕಡೆ ಬೆರಳು ಮಾಡಿ ನಗುತ್ತ ಅಂದರು: "ಇವರಪ್ಪ ಖೊಟ್ಟಿ ಸಹಿ ಮಾಡಿ ಸಿಕ್ಕಿಬಿದ್ದಾಂವ ನೋಡ್ರಿ. ಕೇಸಿನ ಕಾಗದ ನನ್ನ ಹತ್ರ ಅದ!"

ಜನ ನಕ್ಕರು. ಅಪ್ಪ ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಅವರ ಬಾಗಿಲು ಬಡಿದ. ನಾನೂ ಜೊತೆಗಿದ್ದೆ.

"ಒಂದ್ಸಲ ತೋರಿಸ್ರಿ. ಅಪ್ಪ ಕಲಿಸ್ಯಾನ, ನನಗ ಮೋಡಿ ಓದ್ಲಿಕ್ಕೆ ಬರ್ತದ."

ಕಾಕಾನ ಮುಖ ಯಾಕೋ ಸಣ್ಣದಾಯಿತು. "ಹಳೇ ಕಾಗದರೀ. ಕೈ ಹಚ್ಚಿದ್ರ ಹರೀತಾವ," ಅಂದರು. ಪ್ಲಾಸ್ಟಿಕ್ ಹೇಗೆ ಹರಿಯುತ್ತದೋ ಆ ದೇವರೇ ಬಲ್ಲ! ಅಪ್ಪ ಹೀಗೆ ನಾಲ್ಕು ಸಲ ಹೋದ. ನಾಲ್ಕು ಸಲವೂ ಒಂದೊಂದು ನೆವ. ಆಮೇಲೆ ಅಪ್ಪ ಕನ್ನಡದವರ ಯಾವ ಹಬ್ಬಕ್ಕೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕೊನೆಗೆ ನನ್ನ ಕೈ ಹಿಡಿದು ಕೇಳಿದ್ದೂ ಅದನ್ನೇ: "ಆ ಕಾಗದದಾಗ ಏನದ, ನೀನರ ನೋಡು." ಅಜ್ಜ ನಿಜವಾಗಿಯೂ ಕಳ್ಳನೋ ಅಲ್ಲವೋ ಅನ್ನುವುದು ಗೊತ್ತಾಗದೇ ಹೋದ.

ಕಾಕಾನೂ ಹೋದರು. ನಾನು ಅಳಲಿಲ್ಲ. ಮನೆ ಮಾರುವಾಗ ಅವರ ಮಗಳು ಟ್ರಂಕನ್ನು ನಮ್ಮ ಬಾಗಿಲಿಗೆ ತಂದಳು. "ಆರ್ಕೈವ್‌ನೋರು ಬೇಡ ಅಂದ್ರು ಆಂಟಿ. ಲ್ಯಾಮಿನೇಟ್ ಮಾಡಿ ಎಲ್ಲಾ ರೂಯಿನ್ ಮಾಡಿದಾರಂತೆ. ನಿಮ್ಮ ಊರಿಂದೇ ಅಲ್ವಾ?"

ಒಂದು ಹಾಳೆಯ ಮೇಲೆ ಕಾಕಾ ಚೀಟಿ ಅಂಟಿಸಿದ್ದರು: ಖೊಟ್ಟಿ ಸಹಿ ಕೇಸು. ಕೆಳಗೆ ನನ್ನ ಅಜ್ಜನ ಹೆಸರು. ಬೆಳಗಾವಿಯಲ್ಲಿ ಮೋಡಿ ಓದುವ ಒಬ್ಬರಿಗೆ ಫೋಟೋ ಕಳಿಸಿದೆ. ಮೂರನೆಯ ದಿನ ಅವರ ಫೋನು ಬಂತು.

ಅದು ಮಾಫಿಪತ್ರ. ಬರೆದುಕೊಟ್ಟವರು ಕಾಕಾನ ಅಜ್ಜ, ವಕೀಲ ಸಾಹೇಬರೇ! ಸಹಿ ಖೊಟ್ಟಿಯಲ್ಲ, ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಆರೋಪ ಹೊರಿಸಿದೆ, ಪಂಚರ ಮುಂದೆ ಕ್ಷಮೆ ಕೇಳುತ್ತೇನೆ ಅಂತ.

ಸಿಟ್ಟಿನಲ್ಲಿ ಕಾಕಾನ ಮಗಳಿಗೆ ಫೋನ್ ಮಾಡಿದೆ. ನಿಮ್ಮಪ್ಪ ಎಲ್ಲಾ ಗೊತ್ತಿದ್ದೇ ನಮ್ಮ ಮರ್ಯಾದೆ ತೆಗೆದರು ಅಂತ ಕೂಗಾಡಿದೆ.

"ಇಲ್ಲ ಆಂಟಿ," ಅಂದಳು. "ಡ್ಯಾಡ್‌ಗೆ ಮೋಡಿ ಓದೋಕೇ ಬರ್ತಿರ್ಲಿಲ್ಲ. ಮನೇಲಿ ಹಿರಿಯರು ಹೇಳಿದ್ದನ್ನೇ ಕೇಳಿ ಚೀಟಿ ಅಂಟಿಸಿದ್ರು. ಯಾರಿಗೂ ಹೇಳ್ಬೇಡ ಅಂತಿದ್ರು."

ಫೋನು ಇಟ್ಟೆ. ಓದಲು ಬಾರದ್ದನ್ನು ಒಪ್ಪಿಕೊಳ್ಳಲು ಆ ಮನುಷ್ಯನಿಗೆ ನಾಚಿಕೆ. ಓದಬಲ್ಲವನು ಹ್ಯಾರೋದಲ್ಲಿ ಒಬ್ಬನೇ ಇದ್ದ, ಗೋಡೆಯ ಈಚೆಗೇ... ನಾಲ್ಕು ಸಲ ಬಾಗಿಲಿಗೂ ಹೋಗಿದ್ದ.